ನಾಲ್ಕು ಸಲ ಒಂಬತ್ತು

ಜನ್ನಾಪುರ, ಭದ್ರಾವತಿ
17 ನವೆಂಬರ್ 2024, ಭಾನುವಾರ

ವಿದ್ಯಾಶ್ರೀಗೆ,

ಬರುವ ಮಾರ್ಚ್‌ನಲ್ಲಿ ನೀನು ಪಾಕ್ ಜಲಸಂಧಿಯನ್ನು ಎರಡನೇ ಸಲ ಈಜಲು ಇಳಿಯುತ್ತೀಯ. ಇದನ್ನು ತಿಳಿಸಿದ್ದು ಇವತ್ತಿನ ಪತ್ರಿಕೆಯ ಜಿಲ್ಲಾ ಪುಟ. ಆರು ಸಾಲು, ಮೂರನೇ ಕಾಲಂ, ಅಡಿಕೆ ಧಾರಣೆಯ ಕೆಳಗೆ. ಬರೆದವರ ಹೆಸರು ಹಾಕಿಲ್ಲ.

ಆರು ಸಾಲಿನಲ್ಲಿ ಮೂರು ತಪ್ಪಿವೆ. ನಿನಗೆ ಮೂವತ್ತೊಂದು ವರ್ಷ ಎಂದಿದ್ದಾರೆ, ಮೂವತ್ತಮೂರು. ಬಂಗಾಳದ ಎಂಬತ್ತೊಂದು ಕಿಲೋಮೀಟರ್ ನದಿ ಪಂದ್ಯವನ್ನು ಎರಡು ಸಲ ಗೆದ್ದವಳು ಎಂದಿದ್ದಾರೆ, ಮೂರು ಸಲ. 2022ರ ಮೊದಲ ಪ್ರಯತ್ನ ಹವಾಮಾನ ಕೆಟ್ಟಿದ್ದರಿಂದ ನಿಂತಿತು ಎಂದಿದ್ದಾರೆ. ಮೊದಲ ಎರಡರ ಬಗ್ಗೆ ಪತ್ರಿಕೆಯವರಿಗೆ ಕಾರ್ಡು ಹಾಕಿದ್ದೇನೆ. ಮೂರನೆಯದನ್ನು ನಿನಗೇ ಬರೆಯಬೇಕು.

ಆ ದಿನ ಹವಾಮಾನ ಚೆನ್ನಾಗಿತ್ತು. ನಿನ್ನ ಜೊತೆ ಸಾಗುವ ದೋಣಿಯಲ್ಲಿ ನಾನು ಸ್ಲೇಟು ಹಿಡಿದು ಕೂತಿದ್ದೆ. ಒಂಬತ್ತನೇ ಗಂಟೆಗೆ, ಇನ್ನು 3 ಕಿಲೋಮೀಟರ್ ಎಂದು ಬರೆದು ತೋರಿಸಿದೆ. ಉಳಿದಿದ್ದು ಎಂಟು. ಹತ್ತನೇ ಗಂಟೆಗೆ 2 ಎಂದು ಬರೆದೆ. ಉಳಿದಿದ್ದು ಏಳು. ನೀನು ದೋಣಿಯ ಅಂಚಿಗೆ ಕೈ ಇಟ್ಟೆ. ದೋಣಿ ಮುಟ್ಟಿದರೆ ಈಜು ಅಲ್ಲಿಗೆ ಮುಗಿಯಿತು ಎಂಬ ನಿಯಮವನ್ನು ನಿನಗೆ ಹೇಳಿಕೊಟ್ಟವನು ನಾನೇ.

ವಾಪಸ್ ಬರುವಾಗ ರೈಲಿನಲ್ಲಿ ನೀನು ನನ್ನ ಜೊತೆ ಮಾತಾಡಲಿಲ್ಲ ಎಂದು ಪ್ರೇಮಮ್ಮ ನಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಅದು ಸರಿಯಾದ ಮಾತಲ್ಲ. ನನಗೆ ಕಿವಿ ಕೇಳುವುದಿಲ್ಲ, ನಮ್ಮ ಅಪ್ಪನಿಗೂ ಕೇಳುತ್ತಿರಲಿಲ್ಲ. ಮಾತಾಡಿದ್ದರೂ ಗೊತ್ತಾಗುತ್ತಿರಲಿಲ್ಲ. ಜೇಬಿನ ಪುಸ್ತಕ ಎರಡು ಸಲ ನಿನ್ನ ಮುಂದೆ ಹಿಡಿದೆ, ನೀನು ಬರೆಯಲಿಲ್ಲ. ಎರಡು ವರ್ಷ ಎಂಟು ತಿಂಗಳಾಯಿತು.

ಹನ್ನೊಂದನೇ ವಯಸ್ಸಿನಿಂದ ನಿನ್ನನ್ನು ನೀರಿನಲ್ಲಿ ನೋಡಿದವನು ನಾನು. ಈ ಸಲ ದೋಣಿಯಲ್ಲಿ ಯಾರು ಎಂದು ಪತ್ರಿಕೆ ಬರೆದಿಲ್ಲ. ತಿಳಿಸಿದರೆ ಸಾಕು.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಯಾರಾದರೂ ಕಾಗದ ಹಾಕುತ್ತಾರೇನ್ರೀ, ಹತ್ತು ನಿಮಿಷಕ್ಕೊಂದು ಬಸ್ಸಿದೆ ಎಂದು ಪ್ರೇಮಮ್ಮ ನನ್ನ ಪುಸ್ತಕದಲ್ಲಿ ಬರೆದಿದ್ದಾಳೆ. ಬಸ್ಸಿನಲ್ಲಿ ಬಂದರೆ ನೀನು ಬಾಗಿಲು ತೆಗೆಯಬೇಕಾಗುತ್ತದೆ. ಅದಕ್ಕೇ ಕಾಗದ.

ಹೊನ್ನಯ್ಯ


ಆಲ್ಕೊಳ, ಶಿವಮೊಗ್ಗ
9 ಡಿಸೆಂಬರ್ 2024

ಹೊನ್ನಯ್ಯ ಮಾಮನಿಗೆ,

ನಿಮ್ಮ ಕಾಗದ ನವೆಂಬರ್ 21ಕ್ಕೆ ಬಂತು. ಅವತ್ತಿನಿಂದ ಫ್ರಿಜ್ಜಿನ ಮೇಲಿತ್ತು. ಮಲ್ಲಿಕ್ ದಿನಾ ಅದನ್ನು ಎತ್ತಿ, ಕೆಳಗೆ ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ನನ್ನ ಗಂಡ ಫ್ರಿಜ್ಜು ಒರೆಸಿದ್ದನ್ನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು.

ನೀವು ತಪ್ಪು ಒಪ್ಪಿಕೊಂಡಿರಿ. ಆದರೆ ನನಗೆ ಹೇಗೆ ಗೊತ್ತಾಯಿತು ಎಂಬುದು ನಿಮಗೆ ಈಗಲೂ ತಿಳಿದ ಹಾಗಿಲ್ಲ. ನಿಮ್ಮ 3 ನೋಡಿದ ಮೇಲೆ ಉಳಿದಿದ್ದ ಶಕ್ತಿಯನ್ನೆಲ್ಲ ಒಂದು ಗಂಟೆಯಲ್ಲಿ ಖರ್ಚು ಮಾಡಿದೆ. ಮೂರೇ ತಾನೇ, ಉಳಿಸಿಕೊಂಡು ಏನು ಮಾಡಲಿ ಅಂತ. ಆಮೇಲೆ 2 ತೋರಿಸಿದಿರಿ. ನನ್ನ ವೇಗ ನನಗೆ ಗೊತ್ತಲ್ಲ ಮಾಮ. ದೋಣಿ ನಡೆಸುತ್ತಿದ್ದವರನ್ನು ತಮಿಳಿನಲ್ಲಿ ಕೇಳಿದೆ, ಅಣ್ಣಾ ಇನ್ನೂ ಎಷ್ಟು ದೂರ ಅಂತ. ಏಳು ಕಿಲೋಮೀಟರ್ ಅಮ್ಮ ಅಂದರು. ನೀವು ಅವರ ಪಕ್ಕದಲ್ಲೇ ಕೂತು 2 ಎತ್ತಿ ಹಿಡಿದಿದ್ದಿರಿ, ನಗುತ್ತಾ. ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ತಮಿಳರ ನಡುವೆ ಬೆಳೆದ ಹುಡುಗಿಗೆ ತಮಿಳು ಬರುತ್ತದೆ ಎಂಬುದನ್ನೇ ಮರೆತಿರಾ?

ನಾನು ದೋಣಿ ಮುಟ್ಟಿದ್ದು ಸುಸ್ತಾಗಿ ಅಲ್ಲ. ಇಪ್ಪತ್ತು ವರ್ಷದಿಂದ ಆ ಸ್ಲೇಟಿನಲ್ಲಿ ಓದಿದ್ದೆಲ್ಲ ನಿಜವೋ ಸುಳ್ಳೋ ಅಂತ ಒಂದೇ ಸಲಕ್ಕೆ ಅನುಮಾನ ಬಂತು. ಅದನ್ನು ಹೊತ್ತುಕೊಂಡು ಏಳು ಕಿಲೋಮೀಟರ್ ಈಜೋಕೆ ಆಗಲಿಲ್ಲ.

ಇನ್ನೊಂದು ವಿಷಯ. ಈಗ ಬೆಳಿಗ್ಗೆ ಆಫೀಸಿಗೆ ಮುಂಚೆ ಈಜುಕೊಳದಲ್ಲಿ ದೊಡ್ಡವರ ತರಗತಿ ನಡೆಸುತ್ತೇನೆ. ಬಸವರಾಜೇಶ್ವರಿ ಮೇಡಂ ಅಂತ ಒಬ್ಬರು ಬರುತ್ತಾರೆ. ಅರವತ್ತೆರಡು ವರ್ಷ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಮೊನ್ನೆ ಅವರು ಇಪ್ಪತ್ತು ಸುತ್ತು ಹೊಡೆಯಬೇಕಿತ್ತು. ಹದಿನಾಲ್ಕಕ್ಕೆ ಏದುಸಿರು ಬರುತ್ತಿತ್ತು. ನನ್ನ ಬಾಯಿಂದ ಬಂತು, "ಇನ್ನು ನಾಲ್ಕೇ ನಾಲ್ಕು ಮೇಡಂ." ಅವರು ಗೋಡೆ ಹಿಡಿದು ನಿಂತು, ಈಜಿನ ಕನ್ನಡಕ ಮೇಲೆತ್ತಿ, "ಇಪ್ಪತ್ತರಲ್ಲಿ ಹದಿನಾಲ್ಕು ಕಳೆದರೆ ನಾಲ್ಕಾ? ನಿನಗೆ ಗಣಿತ ಹೇಳಿಕೊಟ್ಟೋರು ಯಾರೇ?" ಅಂದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಫ್ರಿಜ್ಜಿನ ಮೇಲಿಂದ ನಿಮ್ಮ ಕಾಗದ ಇಳಿಸಿದೆ.

ದೋಣಿಗೆ ಯಾರು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಎಷ್ಟು ವರ್ಷದಿಂದ ಕಡಿಮೆ ಬರೆಯುತ್ತಿದ್ದಿರಿ? ಅದನ್ನು ಮೊದಲು ಹೇಳಿ.

ವಿದ್ಯಾ


ಜನ್ನಾಪುರ
14 ಡಿಸೆಂಬರ್ 2024

ವಿದ್ಯಾಶ್ರೀಗೆ,

ಮೊದಲಿನಿಂದಲೂ.

ರೋಲಿಂಗ್ ಮಿಲ್ಲಿನಲ್ಲಿ ಕಿವಿ ಕೇಳುವವನೂ ಕಿವುಡನೇ, ಅಷ್ಟು ಸದ್ದು. ಅದಕ್ಕೇ ನನಗೆ ಅಲ್ಲಿ ಕಷ್ಟವಾಗಲಿಲ್ಲ. ಒಂದು ಪಾಳಿಯಲ್ಲಿ ಎಷ್ಟು ಉಕ್ಕಿನ ಗಟ್ಟಿ ಉರುಳೆಗಳ ನಡುವೆ ಹಾಯಿಸಬೇಕು, ಎಷ್ಟು ಉಳಿದಿದೆ ಎಂಬುದನ್ನು ನಮ್ಮ ಗುಂಪಿನ ಹಿರಿಯ ಕರಿಹಲಗೆಯ ಮೇಲೆ ಬರೆಯುತ್ತಿದ್ದ. ಊಟ ಆದ ಮೇಲೆ ಅವನು ಯಾವಾಗಲೂ ನಾಲ್ಕೈದು ಕಡಿಮೆ ಬರೆಯುತ್ತಿದ್ದ. ಅದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಕೈ ಚುರುಕಾಗುತ್ತಿತ್ತು. ಆಮೇಲೆ ಆ ಹಲಗೆ ನನ್ನ ಕೈಗೆ ಬಂತು, ನಾನೂ ಹಾಗೇ ಬರೆದೆ. ಭಾನುವಾರ ಕ್ವಾರ್ಟರ್ಸಿನ ಮಕ್ಕಳನ್ನೆಲ್ಲ, ನಿಮ್ಮನ್ನು, ಈಜು ಕಲಿಸಲು ಲಕ್ಕವಳ್ಳಿಯ ಹಿನ್ನೀರಿಗೆ ಕರೆದುಕೊಂಡು ಹೋಗುತ್ತಿದ್ದೆನಲ್ಲ, ಅಲ್ಲಿಗೂ ಅದೇ ಅಭ್ಯಾಸ ತಂದೆ. ಮಿಲ್ಲಿನವರಿಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ಈ ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ. ಹೋಗಬೇಕಿತ್ತು.

ನಿನ್ನ ಪ್ರತಿ ದೊಡ್ಡ ಈಜಿಗೂ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಅರ್ಧ ಗಂಟೆಗೊಂದು ಸಾಲು. ನಿಮಿಷಕ್ಕೆ ಎಷ್ಟು ಸಲ ಕೈ ಬೀಸಿದೆ, ನೀರಿನ ಬಿಸಿ ಎಷ್ಟು, ಏನು ಕುಡಿದೆ. ಕೊನೆಯಲ್ಲಿ ಎರಡು ಕಾಲಂ: "ಉಳಿದದ್ದು" ಒಂದು, "ತೋರಿಸಿದ್ದು" ಇನ್ನೊಂದು. ಹತ್ತೊಂಬತ್ತು ನೋಟ್‌ಬುಕ್ ಇವೆ. ಇದರ ಜೊತೆ ಪಾರ್ಸೆಲ್ ಮಾಡಿದ್ದೇನೆ. ಎಣಿಸಿ ತೆಗೆದುಕೋ.

ನಿಜ ಬರೆದರೆ ನೀನು ನಿಂತುಬಿಡುತ್ತೀಯ ಎಂದು ನನಗೆ ಪ್ರತಿ ಸಲವೂ ಹೆದರಿಕೆ. ನೀನು ಊಟಕ್ಕೆ ದೋಣಿ ಹತ್ತಿರ ಬಂದಾಗ ಕನ್ನಡಕದ ಹಿಂದೆ ಕಣ್ಣು ಊದಿರುತ್ತದೆ, ತುಟಿ ಉಪ್ಪಿಗೆ ಒಡೆದಿರುತ್ತದೆ. ಆ ಮುಖಕ್ಕೆ ಎಂಟು ಎಂದು ಬರೆಯಲು ನನ್ನ ಕೈ ಬರಲಿಲ್ಲ. ಇದು ಕಾರಣ. ಸಮರ್ಥನೆಯಲ್ಲ.

ತಮಿಳಿನ ವಿಷಯ ಮರೆತಿರಲಿಲ್ಲ. ನಿನಗೆ ಬಾಯಿ ಇದೆ, ಬೇರೆಯವರಿಗೆ ಕಿವಿ ಇದೆ ಎಂಬುದನ್ನು ಮರೆತಿದ್ದೆ.

ಹೊನ್ನಯ್ಯ


ಆಲ್ಕೊಳ
5 ಜನವರಿ 2025

ಮಾಮನಿಗೆ,

ಹತ್ತೊಂಬತ್ತೂ ಬಂದಿವೆ. ಹದಿನೈದು ದಿನದಲ್ಲಿ ಎಲ್ಲವನ್ನೂ ಓದಿದೆ. ಸುಳ್ಳನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟವರನ್ನು ನಾನು ನೋಡಿಲ್ಲ ಅಂತ ಮಲ್ಲಿಕ್ ಹೇಳುತ್ತಾರೆ. ಅವರು ನಿಮ್ಮ ಪಕ್ಷ.

ಹದಿನಾರನೇ ವಯಸ್ಸಿನಲ್ಲಿ ನಾನು ಮೊದಲ ಸಲ ಹನ್ನೆರಡು ಕಿಲೋಮೀಟರ್ ಈಜಿದ್ದು ಹತ್ತು ಅಂದುಕೊಂಡು. ಮಲ್ಪೆಯಲ್ಲಿ ಮೊದಲ ಸ್ಥಾನ ಬಂದಿದ್ದು ಕೊನೆಯ ಒಂದೂವರೆಯನ್ನು ಅರ್ಧ ಅಂದುಕೊಂಡು. ಓದುತ್ತಾ ಕೆಲವು ಕಡೆ ಸಿಟ್ಟು ಬಂತು, ಕೆಲವು ಕಡೆ ನಗು ಬಂತು. ಒಂದು ಕಡೆ, ನನಗೆ ಜ್ವರ ಇತ್ತು ಅಂತ ನೀವೊಬ್ಬರೇ ಗಮನಿಸಿದ್ದನ್ನು ಮಲ್ಲಿಕ್‌ಗೂ ಓದಿ ಹೇಳಿದೆ.

ಆದರೆ ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಕಾಲಂ ಒಂದೇ ಆಗಿದೆ. ಒಂಬತ್ತನೆಯದು, ಬಂಗಾಳದ ನದಿ, 2013. ಎಂಬತ್ತೊಂದು ಕಿಲೋಮೀಟರ್, ಮೊದಲಿಂದ ಕೊನೆವರೆಗೆ ನಿಜ. ಯಾಕೆ ಅಂತ ಮೊದಲು ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಆ ವರ್ಷ ಮಾತ್ರ ಅಲ್ಲಿ ದಡದುದ್ದಕ್ಕೂ ದೂರದ ಬೋರ್ಡು ನೆಟ್ಟಿದ್ದರು. ನನಗೇ ಕಾಣುತ್ತಿತ್ತು. ಸುಳ್ಳು ಬರೆಯೋಕೆ ನಿಮಗೆ ಜಾಗವೇ ಇರಲಿಲ್ಲ.

ಮಾಮ, ನಾನು ಗೆದ್ದ ಮೂರು ನದಿ ಪಂದ್ಯಗಳಲ್ಲಿ ಅತಿ ಕಡಿಮೆ ಸಮಯ ಅದೇ. ನೀವೇ ಬರೆದಿದ್ದೀರಿ, ಅಡಿಗೆರೆ ಹಾಕಿದ್ದೀರಿ. ನಿಜ ಗೊತ್ತಾದರೆ ನಾನು ನಿಲ್ಲುತ್ತೇನೆ ಅನ್ನೋದಕ್ಕೆ ನಿಮ್ಮ ಹತ್ತೊಂಬತ್ತು ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಾಕ್ಷಿ ಇಲ್ಲ. ಯಾಕೆಂದರೆ ನೀವು ನೋಡಲೇ ಇಲ್ಲ.

ಈ ಸಮುದ್ರವನ್ನು ನಾನು ದಾಟಲೇಬೇಕು. ಉಳಿದ ಎಲ್ಲ ಪಂದ್ಯದ ಬಗ್ಗೆ ಜನ ಕೇಳಿದರೆ ಗೆದ್ದೆ ಅನ್ನುತ್ತೇನೆ, ಇದರ ಬಗ್ಗೆ ಕೇಳಿದರೆ ಹವಾಮಾನ ಅನ್ನುತ್ತೇನೆ. ಸಾಕಾಗಿದೆ.

ಒಂದು ಷರತ್ತು. ಮಲ್ಲಿಕ್ ಕೈಯಲ್ಲಿ ಜಿಪಿಎಸ್ ಇರುತ್ತದೆ. ಅದು ತೋರಿಸಿದ್ದನ್ನೇ ನೀವು ಬರೆಯಬೇಕು. ಒಪ್ಪಿಗೆ ಇದ್ದರೆ 12ರ ಭಾನುವಾರ ಬೆಳಿಗ್ಗೆ ಆರಕ್ಕೆ ಗಾಜನೂರಿಗೆ ಬನ್ನಿ. ತುಂಗೆಯ ಹಿನ್ನೀರಿನಲ್ಲಿ ಹದಿನೈದು ಕಿಲೋಮೀಟರ್. ಪ್ರೇಮಮ್ಮತ್ತೆ ಚಿತ್ರಾನ್ನ ಕಳಿಸಿದರೆ ಬೇಡ ಅನ್ನಲ್ಲ.

ವಿದ್ಯಾ


ಜನ್ನಾಪುರ
15 ಜನವರಿ 2025

ವಿದ್ಯಾಗೆ,

ಗಾಜನೂರಿನ ಅಂಕಿಗಳು ಹೀಗಿವೆ. ಹದಿನೈದರಲ್ಲಿ ನೀನು ಈಜಿದ್ದು ಹನ್ನೊಂದು. ಮೊದಲ ಮೂರು ಗಂಟೆ ನಿಮಿಷಕ್ಕೆ ಅರವತ್ತು ಬೀಸು. ಸ್ಲೇಟಿನಲ್ಲಿ 6 ನೋಡಿದ ಮೇಲೆ ಐವತ್ತೊಂದು. ನಾಲ್ಕು ಉಳಿದಾಗ ದಡಕ್ಕೆ ಹೋದೆ. ಟವೆಲ್ ಹೊದ್ದು ಮೂರು ಡಬ್ಬಿ ಚಿತ್ರಾನ್ನ ತಿಂದೆ. ಒಂದು ಡಬ್ಬಿ ನನ್ನದಾಗಿತ್ತು.

ನಾನು ಬರೆದದ್ದು ಎಲ್ಲ ನಿಜ. ಮಲ್ಲಿಕ್ ಸಾಕ್ಷಿ.

ನೀನು ಬಟ್ಟೆ ಬದಲಿಸಲು ಹೋದಾಗ ಮಲ್ಲಿಕ್ ನನ್ನ ಪುಸ್ತಕದಲ್ಲಿ ಬರೆದದ್ದು ಇದು: "ಅವಳು ನಿಮ್ಮ ಅಂಕಿಗೆ ಮನಸ್ಸಿನಲ್ಲೇ ಎರಡು ಸೇರಿಸಿಕೊಳ್ಳುತ್ತಾಳೆ. ನೀವು ಆರು ಅಂದರೆ ಅವಳಿಗೆ ಎಂಟು. ಬೇಡ ಅಂದರೂ ಬರುತ್ತಂತೆ."

ಇದನ್ನು ನಾನು ಯೋಚಿಸಿರಲಿಲ್ಲ. ನಿಜ ಬರೆದರೆ ಮುಗಿಯಿತು ಎಂದುಕೊಂಡಿದ್ದೆ. ಬರೆಯುವುದು ನನ್ನ ಕೈಯಲ್ಲಿದೆ, ನಂಬಿಸುವುದು ನನ್ನ ಕೈಯಲ್ಲಿಲ್ಲ. ಹಾಗಾದರೆ ನಾನು ಹಿಡಿದ ಸ್ಲೇಟು ನಿನಗೆ ಭಾರ. ಅದನ್ನು ಮಲ್ಲಿಕ್ ಹಿಡಿಯಲಿ. ಅವನ ಅಂಕಿಗೆ ನೀನು ಏನನ್ನೂ ಸೇರಿಸಬೇಕಾಗಿಲ್ಲ. ನಾನು ದಡದಲ್ಲಿ ಇರುತ್ತೇನೆ, ಅಥವಾ ಜನ್ನಾಪುರದಲ್ಲಿ.

ಎಳ್ಳು ಬೆಲ್ಲ ಪ್ರೇಮಮ್ಮನ ಕಡೆಯಿಂದ.

ಹೊನ್ನಯ್ಯ


ಜನ್ನಾಪುರ
16 ಫೆಬ್ರುವರಿ 2025

ವಿದ್ಯಾ,

ನಾನು ಪ್ರೇಮಮ್ಮತ್ತೆ. ಇವರು ವಾಚನಾಲಯಕ್ಕೆ ಹೋಗಿದ್ದಾರೆ, ಅದಕ್ಕೆ ಬರೀತಿದ್ದೀನಿ. ಅಕ್ಷರ ಸೊಟ್ಟಗಿದ್ರೆ ಹೊಂದಿಸಿಕೊ.

ನೀನು ಒಂದು ತಿಂಗಳಿಂದ ಕಾಗದ ಹಾಕಿಲ್ಲ. ಇಲ್ಲಿ ನನ್ನ ಪಾಡು ಕೇಳು. ನಿನ್ನ ಷರತ್ತಿನಿಂದ ಈ ಮನೇಲಿ ಸುಳ್ಳು ನಿಂತುಹೋಗಿದೆ. ನಲವತ್ತನಾಲ್ಕು ವರ್ಷ ಉಪ್ಪಿಟ್ಟು ಚೆನ್ನಾಗಿದೆ ಅಂತ ತಿಂದ ಮನುಷ್ಯ, ಮೊನ್ನೆ ಪುಸ್ತಕದಲ್ಲಿ ಬರೀತಾರೆ, "ರವೆ ಹುರಿದಿಲ್ಲ." ನಾನು ಬರೆದೆ, "ಇಷ್ಟು ವರ್ಷ ಹುರಿದಿತ್ತಾ?" ಅದಕ್ಕೆ, "ಇಲ್ಲ." ನಮ್ಮ ತಂಗಿ ಚಿನ್ನಮ್ಮ ಬಂದಿದ್ಲು, ನಾನು ಸಣ್ಣಗಾಗಿದ್ದೀನಾ ಭಾವ ಅಂತ ಸನ್ನೆ ಮಾಡಿ ಕೇಳಿದ್ಲು. ಇಲ್ಲ ಅಂತ ದೊಡ್ಡದಾಗಿ ತಲೆ ಆಡಿಸಿದ್ರು. ಕಾಫಿ ಕುಡೀದೆ ಎದ್ದು ಹೋದ್ಲು ಅವಳು.

ನಗಬೇಡ ಮಾರಾಯ್ತಿ. ದಿನಾ ಬೆಳಿಗ್ಗೆ ಸ್ಲೇಟು ತೊಳೆದು ಬಿಸಿಲಿಗೆ ಇಡ್ತಾರೆ. ಯಾಕ್ರೀ, ನೀವು ಹೋಗಲ್ಲ ಅಂದಿದ್ದೀರಲ್ಲ ಅಂತ ಬರೆದ್ರೆ, ಒದ್ದೆ ಇದ್ರೆ ಬಿರುಕು ಬಿಡುತ್ತೆ ಅಂತ ಬರೀತಾರೆ. ಕಲ್ಲಿಗೆ ಬಿರುಕು ಬಿಡುತ್ತಾ? ಒಂದು ತಿಂಗಳಲ್ಲಿ ಅದೊಂದೇ ಸುಳ್ಳು ಹೇಳಿರೋದು.

ಇವರು ನಿನಗೆ ಮೋಸ ಮಾಡಿದ್ರು. ನಾನು ಇಲ್ಲ ಅನ್ನಲ್ಲ. ನನಗೆ ಗೊತ್ತಿದ್ದಿದ್ರೆ ಆವತ್ತೇ ಬೈತಿದ್ದೆ. ಆದ್ರೆ ಮಲ್ಲಿಕ್ ಸ್ಲೇಟು ಹಿಡಿದ್ರೆ ನಿನಗೆ ಬಾಟಲಿ ಕಟ್ಟಿ ಚಾಚೋ ಊಟದ ಕೋಲು ಯಾರು ಹಿಡೀತಾರೆ, ಜಿಪಿಎಸ್ ಯಾರು ನೋಡ್ತಾರೆ? ಅವನಿಗಿರೋದು ಎರಡೇ ಕೈ. ಹೂಂ ಅನ್ನು, ಇಲ್ಲ ಉಹೂಂ ಅನ್ನು. ಏನಾದ್ರೂ ಒಂದು ಬರಿ.

ಪ್ರೇಮಮ್ಮತ್ತೆ


ಆಲ್ಕೊಳ
27 ಫೆಬ್ರುವರಿ 2025

ಮಾಮನಿಗೆ,

ಟಿಕೆಟ್ ಇದರ ಜೊತೆ ಇದೆ. ಮಾರ್ಚ್ 18ಕ್ಕೆ ಇಲ್ಲಿಂದ ಬೆಂಗಳೂರು, ಅಲ್ಲಿಂದ ಮಂಡಪಂವರೆಗೆ ರೈಲು. ಸಮುದ್ರದ ಮೇಲಿನ ಹೊಸ ರೈಲು ಸೇತುವೆ ಇನ್ನೂ ಶುರುವಾಗಿಲ್ಲ, ಮುಂದೆ ರಾಮೇಶ್ವರಕ್ಕೆ ಬಸ್ಸು. ಎರಡೂ ದೇಶದ ಅನುಮತಿ ಬಂದಿದೆ. ನಮ್ಮ ವೀಕ್ಷಕರು ಮಂಗಳೂರಿನ ಮನೋಹರ ಅಂತ. ನಿಯಮ ಪಾಲನೆ ಆಯಿತೋ ಇಲ್ಲವೋ ಅಂತ ದೋಣಿಯಲ್ಲಿ ಕೂತು ಬರೆಯುವವರು ಅವರು.

ಸ್ಲೇಟು ನಿಮ್ಮ ಕೈಯಲ್ಲೇ ಇರಲಿ. ನಾನು ನಂಬುತ್ತೇನೆ ಅಂತ ಮಾತು ಕೊಡಲ್ಲ, ಅದು ನನ್ನ ಹಿಡಿತದಲ್ಲಿಲ್ಲ. ಪ್ರಯತ್ನ ಪಡುತ್ತೇನೆ ಅಂತ ಮಾತ್ರ ಹೇಳಬಲ್ಲೆ.

ಅತ್ತೆಗೆ ಹೇಳಿ, ನಗು ತಡೆಯೋಕೆ ಆಗಲಿಲ್ಲ ಅಂತ.

ವಿದ್ಯಾ


ಆಲ್ಕೊಳ
30 ಮಾರ್ಚ್ 2025

ಮಾಮನಿಗೆ,

ಭುಜ ಇನ್ನೂ ಮೇಲೆ ಏಳುತ್ತಿಲ್ಲ, ಅಕ್ಷರ ವಕ್ರವಾಗಿವೆ. ವಾಪಸ್ ಬರುವಾಗ ರೈಲಿನಲ್ಲಿ ನಿಮ್ಮ ಪುಸ್ತಕದ ಹನ್ನೊಂದು ಹಾಳೆ ಇಬ್ಬರೂ ಸೇರಿ ಮುಗಿಸಿದೆವು. ಆದರೂ ಮಧ್ಯಾಹ್ನದ ಆ ಒಂದೂವರೆ ಗಂಟೆಯ ಬಗ್ಗೆ ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯುತ್ತೇನೆ. ನೀವು ನೋಡಿದ್ದು ಮೇಲಿನಿಂದ, ನಾನು ನೋಡಿದ್ದು ಕೆಳಗಿನಿಂದ.

ಬೆಳಿಗ್ಗೆ 5.20ಕ್ಕೆ ಲಂಕೆಯ ದಡ ಬಿಟ್ಟಾಗಿನಿಂದ ಎಂಟು ಗಂಟೆ ಎಲ್ಲ ಸರಿಯಾಗಿತ್ತು. ನಿಮ್ಮ ಅಂಕಿಗೆ ನಾನು ಎರಡು ಸೇರಿಸಿಕೊಳ್ಳುತ್ತಲೇ ಇದ್ದೆ. ಬಿಡೋಕೆ ಆಗಲಿಲ್ಲ. 1.20ಕ್ಕೆ ಊಟಕ್ಕೆ ಬಂದಾಗ ನೀವು ಏನೋ ಬರೆದು, ತೋಳಿನಿಂದ ಒರೆಸಿ, ಮತ್ತೆ ಬರೆದಿರಿ. ಆಮೇಲೆ 9 ತೋರಿಸಿದಿರಿ. ನೀವು ಒರೆಸಿದ್ದು ನನಗೆ ಕಾಣಿಸಿತು. ಒರೆಸಿದ್ದು ನಿಜವೋ, ಬರೆದದ್ದು ನಿಜವೋ ಗೊತ್ತಾಗಲಿಲ್ಲ. ಹಿಂದಿನ ಸಲದ ಥರಾನೇ. ಹನ್ನೊಂದು ಅಂದುಕೊಂಡು ಹೊರಟೆ.

ಅರ್ಧ ಗಂಟೆ ಈಜಿ ಬಂದೆ. ಮತ್ತೆ 9.

ದೋಣಿ ನಡೆಸುವವರು ಅಲ್ಲೇ ಇದ್ದರು. ತಮಿಳಿನಲ್ಲಿ ಒಂದು ಮಾತು ಕೇಳಿದರೆ ಸಾಕಿತ್ತು. ಬಾಯಿ ತನಕ ಬಂತು. ಮಲ್ಲಿಕ್ ನನ್ನ ಮುಖ ನೋಡಲಿಲ್ಲ, ಬೇಕಂತಲೇ. ನಾನು ಬಾಟಲಿ ವಾಪಸ್ ಎಸೆದು ಹೊರಟೆ. ಕೇಳಲಿಲ್ಲ.

2.20ಕ್ಕೆ ಮೂರನೇ ಸಲ 9.

ಆಗ ನನಗೆ ನಗು ಬಂತು ಮಾಮ. ನಕ್ಕು ನಕ್ಕು ಒಂದಷ್ಟು ಉಪ್ಪುನೀರು ಕುಡಿದೆ ಅವತ್ತು. ಒಂದು ಗಂಟೆ ಕೈ ಬೀಸಿದವಳಿಗೆ ಒಂದು ಕಿಲೋಮೀಟರೂ ಕಡಿಮೆ ಆಗಿಲ್ಲ ಅಂತ ಯಾವ ಸುಳ್ಳುಗಾರ ಬರೆಯುತ್ತಾನೆ? ಸುಳ್ಳಾಗಿದ್ದರೆ ಎಂಟು ಅಂತಿದ್ದಿರಿ, ಆಮೇಲೆ ಆರು ಅಂತಿದ್ದಿರಿ. ಒಂಬತ್ತು ಅಂದರೆ ಒಂಬತ್ತೇ. ತಲೆಯಲ್ಲಿದ್ದ ಆ ಎರಡು ತಾನಾಗೇ ಬಿದ್ದುಹೋಯಿತು.

ಅದು ಬಿದ್ದ ಮೇಲೆ ಯೋಚನೆ ಮಾಡೋಕೆ ಆಯಿತು. ಒಂಬತ್ತು ಒಂಬತ್ತಾಗೇ ಇದೆ ಅಂದರೆ ಪ್ರವಾಹ ಎದುರಿಗಿದೆ. ಜೋರು ಮಾಡಿದರೆ ಶಕ್ತಿ ಹೋಗುತ್ತದೆ, ನಿಲ್ಲಿಸಿದರೆ ಹಿಂದಕ್ಕೆ ಹೋಗುತ್ತೇನೆ. ಇದ್ದಲ್ಲೇ ಇರುವಷ್ಟು ಮಾತ್ರ ಬೀಸಬೇಕು, ನೀರು ತಿರುಗುವವರೆಗೆ. ನಿಮಿಷಕ್ಕೆ ನಲವತ್ತೆಂಟಕ್ಕೆ ಇಳಿಸಿದೆ. 2.50ಕ್ಕೆ ನಾಲ್ಕನೇ 9 ನೋಡಿದಾಗ ಬೇಜಾರಾಗಲಿಲ್ಲ. ಹಿಂದಕ್ಕೆ ಹೋಗಿಲ್ಲವಲ್ಲ ಅಂತ ಸಮಾಧಾನ. 3.20ಕ್ಕೆ ನೀವು ಏಳೂವರೆ ಬರೆದು, ಕೆಳಗೆ ಎರಡು ಗೆರೆ ಹಾಕಿದಿರಿ. ಆ ಗೆರೆ ನಿಯಮದಲ್ಲಿ ಇತ್ತಾ?

ಹಿಂದಿನ ಸಲವೂ ಇದೇ ಜಾಗದಲ್ಲಿ ಇದೇ ನೀರು ಇದ್ದಿರಬೇಕು. ಆಗ ನೀವು ಎಂಟು ಅಂತ ಬರೆದಿದ್ದರೆ ನಾನು ಆವತ್ತೇ ದಾಟುತ್ತಿದ್ದೆ ಅಂತ ಅನಿಸುತ್ತದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿಜ ಬರೆಯಬೇಕು ಅನ್ನೋ ಷರತ್ತು ಇಬ್ಬರಿಗೂ ಇರಲಿ. ಆದರೆ ಈಗ ಅದರ ಮೇಲೆ ಸಿಟ್ಟಿಲ್ಲ. ಹುಡುಕಿ ನೋಡಿದೆ, ಸಿಗಲಿಲ್ಲ.

ಒಂದು ಪ್ರಶ್ನೆ. ಮೊದಲು ಬರೆದು ಒರೆಸಿದ್ದು ಎಷ್ಟು?

ವಿದ್ಯಾ


ಜನ್ನಾಪುರ
6 ಏಪ್ರಿಲ್ 2025

ವಿದ್ಯಾಗೆ,

ಆರು.

ಯಾರೂ ನನ್ನನ್ನು ತಡೆಯಲಿಲ್ಲ. ಮಲ್ಲಿಕ್ ಜಿಪಿಎಸ್ ನೋಡಿ ಒಂಬತ್ತು ಬೆರಳು ತೋರಿಸಿ, ಕೋಲಿಗೆ ಬಾಟಲಿ ಕಟ್ಟಲು ತಿರುಗಿದ್ದ. ಮನೋಹರ ಅವರು ತಮ್ಮ ಹಾಳೆಯಲ್ಲಿ ಬರೆಯುತ್ತಿದ್ದರು. ನೀನು ಹತ್ತು ಮೀಟರ್ ದೂರದಲ್ಲಿದ್ದೆ. ನಿನ್ನ ಮುಖ ನೋಡಿದೆ, ಕೈ ತಾನಾಗಿ 6 ಬರೆಯಿತು. ನಾನು ಬರೆದದ್ದು ಬರೆದ ಮೇಲೆ ನನಗೆ ಕಂಡಿತು. ಒರೆಸಿದೆ. ಇದರಲ್ಲಿ ದೊಡ್ಡತನ ಏನೂ ಇಲ್ಲ. ಒಂದು ಕ್ಷಣ ತಡವಾಗಿದ್ದರೆ ನೀನು ಓದಿಬಿಡುತ್ತಿದ್ದೆ.

ಎರಡನೇ 9 ಅನ್ನು ಜಿಪಿಎಸ್ ಎರಡು ಸಲ ನೋಡಿ ಬರೆದೆ. ಮೂರನೆಯದನ್ನು ಬರೆದ ಮೇಲೆ ನಿನ್ನ ಕಡೆ ತಿರುಗಿಸಲು ಹೊತ್ತಾಯಿತು. ನೀನು ನೋಡಿದೆ. ನಿನ್ನ ಬಾಯಿ ಅಗಲವಾಯಿತು. ಅಳುತ್ತಿದ್ದೀಯ ಎಂದುಕೊಂಡೆ. ದೋಣಿಯ ಅಂಚಿನ ಹತ್ತಿರವೇ ನಿನ್ನ ಕೈ ಇತ್ತು, ಒಂದು ಗೇಣು ದೂರ. ನಾನು ಆ ಗೇಣನ್ನೇ ನೋಡುತ್ತಿದ್ದೆ. ಮಲ್ಲಿಕ್ ನನ್ನ ಬೆನ್ನು ತಟ್ಟಿ, ನಗುತ್ತಿದ್ದಾಳೆ ಎಂದು ಸನ್ನೆ ಮಾಡಿದ. ನೀನು ನೀರನ್ನು ಒದ್ದು ಹಿಂದಕ್ಕೆ ಹೋದೆ. ಆಗ ನಾನು ಸ್ಲೇಟು ಕೆಳಗಿಟ್ಟೆ.

ನಿನ್ನ ಬೀಸು ನಲವತ್ತೆಂಟಕ್ಕೆ ಇಳಿದಾಗ ನಾನು ತಪ್ಪು ತಿಳಿದೆ. ಗಾಜನೂರಿನ ಹಾಗೆ ಆಗುತ್ತಿದೆ ಎಂದುಕೊಂಡೆ. ಆದರೆ ಗಾಜನೂರಿನಲ್ಲಿ ಬೀಸು ಏರುಪೇರಾಗಿತ್ತು. ಇಲ್ಲಿ ಹತ್ತು ನಿಮಿಷ ಎಣಿಸಿದೆ; ನಲವತ್ತೆಂಟು, ನಲವತ್ತೆಂಟು, ನಲವತ್ತೆಂಟು. ಆಗ ಗೊತ್ತಾಯಿತು, ನೀನು ಯೋಚಿಸಿ ಮಾಡುತ್ತಿದ್ದೀಯ ಎಂದು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೀನು ಯೋಚಿಸುವುದನ್ನು ನೋಡಿದೆ. ಅದಕ್ಕೆ ಮೊದಲು ನಿನ್ನ ಪಾಲಿನ ಯೋಚನೆಯನ್ನೂ ನಾನೇ ಮಾಡಿಬಿಡುತ್ತಿದ್ದೆ.

ಹಿಂದಿನ ಸಲ ಎಂಟು ಎಂದು ಬರೆದಿದ್ದರೆ ನೀನು ದಾಟುತ್ತಿದ್ದೆ ಎಂಬುದು ಸರಿ. ನಾನು 2022ರ ನೋಟ್‌ಬುಕ್ಕಿನ ನಕಲು ಇಟ್ಟುಕೊಂಡಿದ್ದೆ. ಒಂಬತ್ತರಿಂದ ಹತ್ತನೇ ಗಂಟೆವರೆಗೆ ನೀನು ಮುಂದೆ ಹೋಗಿದ್ದು ಒಂದೇ ಕಿಲೋಮೀಟರ್, ಅದೂ ಪೂರ್ತಿ ಬಲ ಹಾಕಿ. ನೋಡಿದರೆ ತಿಳಿಯುತ್ತದೆ, ಅದೇ ನೀರು. ಹಾಗೆಂದು ಆ ನಕಲಿನ ಕೊನೆಯಲ್ಲಿ ಬರೆದು ಸಹಿ ಹಾಕಿದ್ದೇನೆ.

ಪತ್ರಿಕೆಯಲ್ಲಿ ಈ ಸಲ ಫೋಟೊ ಹಾಕಿದ್ದಾರೆ. ಅಡಿಕೆ ಧಾರಣೆಯ ಮೇಲೆ. ಮೂವತ್ತೊಂದು ಕಿಲೋಮೀಟರನ್ನು ಹನ್ನೆರಡು ಗಂಟೆ ಹದಿನೈದು ನಿಮಿಷದಲ್ಲಿ ಕ್ರಮಿಸಿದಳು ಎಂದಿದ್ದಾರೆ. ನೀನು ಧನುಷ್ಕೋಟಿಯ ಮರಳಿನ ಮೇಲೆ ನಿಂತದ್ದು ಸಂಜೆ 6.05ಕ್ಕೆ. ಹನ್ನೆರಡು ಗಂಟೆ ನಲವತ್ತೈದು ನಿಮಿಷ. ಕಡಿಮೆ ಹಾಕಿದ್ದಾರೆ. ಪ್ರೇಮಮ್ಮ, ಬಿಡ್ರೀ, ಹುಡುಗಿಗೆ ಒಳ್ಳೇದೇ ಆಯ್ತಲ್ಲ ಎಂದು ಬರೆದಳು. ಕಾರ್ಡು ಹಾಕಿದೆ.

ಗೆರೆ ನಿಯಮದಲ್ಲಿ ಇರಲಿಲ್ಲ. ಅಂಕಿ ನಿಜವಾಗಿತ್ತು, ಗೆರೆ ನನ್ನದು.

ಹೊನ್ನಯ್ಯ


ಆಲ್ಕೊಳ
11 ಮೇ 2025

ಮಾಮನಿಗೆ,

ಗುರುವಾರ ಪ್ರಮಾಣಪತ್ರ ಬಂತು. 12 ಗಂಟೆ 45 ನಿಮಿಷ ಅಂತಲೇ ಇದೆ. ದಾಖಲೆ ಏನಲ್ಲ, ನನಗಿಂತ ಬೇಗ ದಾಟಿದವರು ಬೇಕಾದಷ್ಟು ಜನ ಇದ್ದಾರೆ. ಚೌಕಟ್ಟು ಹಾಕಿಸುತ್ತೇನೆ ಅಂತ ಮಲ್ಲಿಕ್ ತೆಗೆದುಕೊಂಡು ಹೋಗಿದ್ದಾರೆ. ಆಫೀಸಿನಲ್ಲಿ ಯಾರೋ ಮೊನ್ನೆ ಹಿಂದಿನ ಸಲ ಏನಾಗಿತ್ತು ಅಂತ ಕೇಳಿದರು. ನಮ್ಮ ಸ್ಲೇಟಿನಲ್ಲಿ ತಪ್ಪು ಅಂಕಿ ಇತ್ತು ಅಂದೆ. ಅಷ್ಟಕ್ಕೇ ಮಾತು ಮುಗಿಯಿತು, ಅವರು ಊಟಕ್ಕೆ ಹೋದರು. ಮೂರು ವರ್ಷ ಬೇಕಾಯಿತು ಇಷ್ಟು ಹೇಳೋಕೆ.

ಪ್ರಮಾಣಪತ್ರದ ಜೊತೆ ಮನೋಹರ ಅವರ ದಾಖಲೆ ಹಾಳೆಯ ಪ್ರತಿ ಇತ್ತು. ಅರ್ಧ ಗಂಟೆಗೊಂದು ಸಾಲು, ನಿಮ್ಮ ನೋಟ್‌ಬುಕ್ಕಿನ ಹಾಗೇ. 2.50ರ ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದಿದ್ದಾರೆ: "ಸ್ಲೇಟು ಹಿಡಿದ ಹಿರಿಯರು ನಾಲ್ಕು ಬಾರಿ ಒಂದೇ ಅಂಕಿ ಬರೆದರು. ನಾಲ್ಕೂ ಬಾರಿ ಸರಿಯಾಗಿತ್ತು."

ನಿನ್ನೆ ಅವರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ಈ ಕರಾವಳಿಯಲ್ಲಿ ವೀಕ್ಷಕರು ಐದೇ ಜನ ಇದ್ದಾರಂತೆ. ಬಿಸಿಲಲ್ಲಿ ಹನ್ನೆರಡು ಗಂಟೆ ಕೂತು, ಕಂಡದ್ದನ್ನು ಕಂಡ ಹಾಗೆ ಬರೆಯೋರು ಸಿಗಲ್ಲ ಅಂದರು. ಹೊಸಬರಿಗೆ ತರಬೇತಿ ಇಟ್ಟಿದ್ದಾರಂತೆ. ನಾನು ಕೇಳಿದೆ, ವಯಸ್ಸಿನ ಮಿತಿ ಇದೆಯಾ ಅಂತ. ಇಲ್ಲ ಅಂದರು. ಕಿವಿ ಕೇಳಲೇಬೇಕಾ ಅಂತ ಕೇಳಿದೆ. "ಕಣ್ಣು ಕಾಣಬೇಕು, ಬರೆಯೋಕೆ ಬರಬೇಕು. ಕಿವಿಯ ಬಗ್ಗೆ ನಿಯಮದಲ್ಲಿ ಏನೂ ಇಲ್ಲ, ಜೊತೆಗೆ ಇನ್ನೊಬ್ಬರು ಇದ್ದರಾಯಿತು" ಅಂದರು.

ಎರಡು ಅರ್ಜಿ ಹಾಕಿದ್ದೇನೆ, ನನ್ನದೊಂದು, ನಿಮ್ಮದೊಂದು. ನಿಮ್ಮನ್ನು ಕೇಳದೆ ಹಾಕಿದ್ದು ತಪ್ಪು, ಗೊತ್ತು. ಬೇಡ ಅನಿಸಿದರೆ ಬರೆಯಿರಿ. ಬೇಕು ಅನಿಸಿದರೆ ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ ಮೇ 25ರೊಳಗೆ ಕಳಿಸಿ.

ತರಬೇತಿ ಮಂಗಳೂರಿನಲ್ಲಿ. ಜೂನ್ 14, ಶನಿವಾರ, ಬೆಳಿಗ್ಗೆ ಒಂಬತ್ತೂವರೆಗೆ ಶುರು.

ವಿದ್ಯಾ